ಡೋಡೋಗೆ ಎರಡೂ ಎಡಗಾಲು

ನಮ್ಮ ಭಾವನಿಗೆ ಯೂರೋಪಿನವರ ಮೇಲೆ ಬಹಳ ಸಿಟ್ಟು. ನಮ್ಮನ್ನು ಆಳಿದರೆಂದಲ್ಲ, ಡೋಡೋ ಹಕ್ಕಿಯ ಚಿತ್ರವನ್ನು ತಪ್ಪಾಗಿ ಬರೆದರೆಂದು! ಮಾರಿಷಸ್ ದ್ವೀಪದಲ್ಲಿದ್ದ, ಹಾರಲು ಬಾರದ ಆ ಹಕ್ಕಿ ಅಳಿದು ಮುನ್ನೂರು ವರ್ಷ ದಾಟಿದೆ. ಅದರ ಸ್ವಂತ ಬಂಧುಬಳಗವೂ ಇಷ್ಟು ಸಂಕಟಪಟ್ಟಿರಲಿಕ್ಕಿಲ್ಲ.

ಭಾವ ಸಿಂಗಾಪುರದ ಉಬಿಯ ಒಂದು ವರ್ಕ್‌ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಯಂತ್ರದ ಬಿಡಿಭಾಗಗಳನ್ನು ಅಳೆದು, ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ‘ರಿಜೆಕ್ಟ್’ ಎಂದು ಬರೆಯುವುದು ಅವರ ಕೆಲಸ. ಮನೆಗೆ ಬಂದ ಮೇಲಾದರೂ ಆ ಪೆನ್ನು ಜೇಬಿಗೆ ಹೋಗಬೇಡವೇ? ಹೌಗಾಂಗಿನ ಅವರ ಫ್ಲ್ಯಾಟಿನ ಹಾಲಿನಲ್ಲಿ ಹಳೆಯ ಡೋಡೋ ಚಿತ್ರಗಳ ಹನ್ನೊಂದು ಪ್ರಿಂಟುಗಳಿವೆ. ಹನ್ನೊಂದೂ ರಿಜೆಕ್ಟ್!

“ಇದನ್ನ ನೋಡು,” ಎಂದು, ನಾನು ಹೋದಾಗಲೆಲ್ಲ ಹಿಡಿದು ನಿಲ್ಲಿಸುತ್ತಾರೆ. “ಎರಡೂ ಎಡಗಾಲು! ಈ ಪುಣ್ಯಾತ್ಮ ಜೀವಂತ ಡೋಡೋ ನೋಡೇ ಇಲ್ಲ. ಯಾರೋ ಸತ್ತ ಹಕ್ಕಿಗೆ ಹುಲ್ಲು ತುಂಬಿ ಇಟ್ಟಿದ್ದನ್ನ ನೋಡಿ ಬರೆದ, ಅವನದನ್ನ ಇನ್ನೊಬ್ಬ ಕಾಪಿ ಹೊಡೆದ. ಎಲ್ಲಾ ಅಂದಾಜಿನ ಮೇಲೆ!”

ಶಿವರಾತ್ರಿಗೆ ಬಂದ ಆಂಟಿಯೊಬ್ಬರು ಆ ಗೋಡೆಗೆ ಭಕ್ತಿಯಿಂದ ಕೈಮುಗಿದು, ಆಮೇಲೆ ಕಣ್ಣು ತೆರೆದು, “ಇದು ಯಾವ ದೇವರ ವಾಹನ?” ಎಂದು ಕೇಳಿದರು.

“ಯಾವ ದೇವರೂ ಹತ್ತಲಿಲ್ಲ ಆಂಟಿ, ಅದಕ್ಕೇ ಉಳೀಲಿಲ್ಲ,” ಎಂದರು ಭಾವ.

ಅಕ್ಕನ ಗೋಳು ಬೇರೆ. ಅವಳ ಅತ್ತೆ ಧಾರವಾಡದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ಮೊಮ್ಮಗಳನ್ನು ಕರೆದುಕೊಂಡು ಬನ್ನಿ ಎಂದು ಐದು ವರ್ಷದಿಂದ ಕೇಳುತ್ತಿದ್ದಾರೆ. ಆದರೆ ಪ್ರತಿ ರಜೆಯಲ್ಲೂ ಯೂರೋಪಿನ ಯಾವುದೋ ಮ್ಯೂಸಿಯಮ್ಮಿನಲ್ಲಿ ಯಾವುದೋ ಡೋಡೋ ಭಾವನನ್ನು ಕಾಯುತ್ತಿರುತ್ತದೆ! ಈ ಜೂನ್ ರಜೆಗೂ ಅಲ್ಲಿಗೇ ಎಂದು ಅಪ್ಪಣೆಯಾಗಿತ್ತು.

“ಸತ್ತ ಹಕ್ಕಿ ನೋಡೋಕೆ ಲೀವ್ ಸಿಗುತ್ತೆ, ಹೆತ್ತ ತಾಯಿ ನೋಡೋಕೆ ಸಿಗಲ್ವಾ?” ಎಂದು ಅಕ್ಕ ಸಿಡುಕಿದಳು.

“ಅವ್ವನ್ನ ದಿನಾ ವಿಡಿಯೋದಾಗ ನೋಡ್ತೀವಲ್ಲ!”

ಹೋದ ಭಾನುವಾರ ನಾನು ಹೋದಾಗ, ಅಕ್ಕನ ಎಂಟು ವರ್ಷದ ಮಗಳು ಊಟದ ಮೇಜಿನ ಮೇಲೆ ಮನೆಮಂದಿಯ ಚಿತ್ರ ಬರೆಯುತ್ತಿದ್ದಳು. ಬಂತಲ್ಲ ಭಾವನ ಕೆಂಪು ಪೆನ್ನು! ಅಪ್ಪ, ಅಮ್ಮ, ತಾನು, ಎಲ್ಲ ಸರಿಯಾಗಿತ್ತು. ಮೇಲಿನ ಮೂಲೆಯಲ್ಲಿ ಅಜ್ಜಿ. ವಿಭೂತಿ ಹಚ್ಚಿದ ಹಣೆ, ಕನ್ನಡಕ, ತಲೆಯ ಮೇಲೊಂದು ದೊಡ್ಡ ಸೀಲಿಂಗ್ ಫ್ಯಾನ್. ಮೂಗಿನ ಕೆಳಗೆ ಏನೂ ಇಲ್ಲ.

“ಅಜ್ಜಿ ಕಾಲೆಲ್ಲಿ ಪುಟ್ಟಾ?”

“ಐ ಡೋಂಟ್ ನೋ ಲಾ, ಅಪ್ಪಾ. ಫೋನಲ್ಲಿ ಅಜ್ಜಿ ಇಷ್ಟೇ ಬರ್ತಾರೆ. ಕಾಲು ನೋಡಿಲ್ಲ, ಅದಕ್ಕೆ ಬರ್ದಿಲ್ಲ.”

ಭಾವ ಪೆನ್ನು ಕೆಳಗಿಟ್ಟರು. ಧಾರವಾಡಕ್ಕೆ ಕಾಲ್ ಮಾಡಿದರು. ಹಣೆ ಬಂತು, ಫ್ಯಾನ್ ಬಂತು.

“ಅವ್ವಾ, ಫೋನ್ ಸ್ವಲ್ಪ ಕೆಳಗ ಹಿಡಿ. ಕೂಸಿಗೆ ನಿನ್ನ ಕಾಲು ತೋರಸು.”

“ಯಾಕೋ? ಅಲ್ಲಿಂದನ ನಮಸ್ಕಾರ ಮಾಡಸ್ತಿಯೇನು?”

ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆಮೇಲೆ ಅವರ ದನಿ ಮೆತ್ತಗಾಯಿತು.

“ಫೋನಿನಾಗ ತೋರಸೂದಿಲ್ಲಪಾ. ಬಂದು ನೋಡ್ರಿ. ನಾ ಇನ್ನೂ ಅದೀನಿ.”

ಭಾವನ ಕಣ್ಣು ತುಂಬಿ ಬಂತು. ಅವರು ಮಗಳ ಚಿತ್ರವನ್ನು ಜೋಪಾನವಾಗಿ ಮಡಿಸಿ, ಅಕ್ಕನ ಕೈಗೆ ಕೊಟ್ಟರು.

“ಹುಬ್ಬಳ್ಳಿಗೆ ಮೂರು ಟಿಕೆಟ್ ಬುಕ್ ಮಾಡು. ಇದನ್ನ ಕೂಸು ಅವ್ವನ ಮುಂದ ಕೂತು ಮುಗಸಲಿ.”