ಹವಾಲ್ದಾರರ ಹಿತ್ತಲಿನ ಗುರಿ

ಬಂದೂಕು ಹಿಡಿದವರ ಎದುರು ನಗಬಾರದು ಅನ್ನುತ್ತಾರೆ. ಎರಡು ಸಾವಿರದ ಇಸವಿಯ ಆಚೀಚೆ, ಅಂಕೋಲೆಯಲ್ಲಿ ನಾನು ಆಟದ ಮಾಸ್ತರನಾಗಿದ್ದಾಗ, ನಮಗೆ ಭಾನುವಾರ ಬಂದರೆ ನಗು ತಡೆಯುವುದೇ ಕೆಲಸ. ತೋಡೂರು ಕಡೆಯ ನಿವೃತ್ತ ಹವಾಲ್ದಾರರೊಬ್ಬರು ತಮ್ಮ ಹಿತ್ತಲಲ್ಲಿ, ಎತ್ತರದ ಪಾಗಾರದ ಗೋಡೆಗೆ ಎದುರಾಗಿ, ನಮ್ಮ ಮಕ್ಕಳಿಗೆ ಏರ್ ರೈಫಲ್ ಕಲಿಸುತ್ತಿದ್ದರು. ಈಗ ಅವರಿಲ್ಲ.

ಎರಡೂ ಕಣ್ಣು

ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಎರಡೂ ಕಣ್ಣು ಮುಚ್ಚಿ ಹೊಡೆಯುತ್ತಿದ್ದಳು.

"ಒಂದು ಮುಚ್ಚು ತಂಗಿ," ಅಂದರು ಹವಾಲ್ದಾರರು.

"ಒಂದೇ ಮುಚ್ಚೂಕೆ ಬರೂದಿಲ್ಲ ಸಾರ್."

"ಮತ್ತೆ ಗುರಿ ಹ್ಯಾಂಗೆ ಕಾಣ್ತದೆ?"

"ಮುಚ್ಚೂಕಿಂತ ಮೊದ್ಲೇ ನೋಡ್ಕಂಡಿದ್ದೆ."

ಹಪ್ಪಳ

ಕಾಗದದ ಗುರಿಗೆ ಹೊಡೆದು ಮಕ್ಕಳಿಗೆ ಬೇಜಾರು ಬಂತು. ಹವಾಲ್ದಾರರು ಹೆಂಡತಿಯ ಹಲಸಿನ ಹಪ್ಪಳಗಳನ್ನು ದಾರಕ್ಕೆ ತೂಗುಹಾಕಿದರು. ತಾಗಿದರೆ ಚೂರು. ಉಳಿದದ್ದನ್ನು ಕೆಂಡದ ಮೇಲೆ ಸುಟ್ಟು ಎಲ್ಲರಿಗೂ ಹಂಚುವುದು. ಮರುವಾರದಿಂದ ಒಬ್ಬರ ಗುರಿಯೂ ತಾಗಲಿಲ್ಲ. ಹವಾಲ್ದಾರರು ರೈಫಲ್ ಬಿಚ್ಚಿ ನೋಡಿದರು, ಎಣ್ಣೆ ಹಾಕಿದರು. ಅವರ ಹೆಂಡತಿ ಅಡುಗೆಮನೆ ಬಾಗಿಲಿಂದಲೇ ಹೇಳಿದರು: "ಇನ್ನು ತಾಗಿಸಿದವರಿಗೆ ಮಾತ್ರ ಹಪ್ಪಳ."

ಆ ದಿನ ಒಂದೂ ತಪ್ಪಲಿಲ್ಲ.

ಸಿಕ್ಕಾ

ಕಾರವಾರದ ಸ್ಪರ್ಧೆಗೆ ಅದೇ ಹುಡುಗಿಯನ್ನು ಕರೆದೊಯ್ದೆವು. ಗುರಿಯ ಕಾಗದ ಕೈಗೆ ಬಂದಾಗ ಹವಾಲ್ದಾರರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕಡೆಗೆ ಮೂಲೆಯ ಕಪ್ಪು ಕಲೆಯ ಮೇಲೆ ಬೆರಳಿಟ್ಟು, "ಶಾಬಾಸ್, ಐದೂ ಒಂದೇ ಕಡೆ," ಅಂದರು. ಅದು ಸ್ಪರ್ಧೆ ನಡೆಸಿದವರು ಒತ್ತಿದ ಸಿಕ್ಕಾ, ಶಾಯಿಯ ಮುದ್ರೆ. ಅವರ ಕಣ್ಣು ಅಷ್ಟು ಹೋಗಿದೆಯೆಂದು ನನಗೆ ತಿಳಿದದ್ದು ಆಗಲೇ. ಹುಡುಗಿ ನನ್ನ ಮುಖ ನೋಡಿ, ಅವರ ಕಡೆ ತಿರುಗಿ, "ನೀವು ಹೇಳಿದಂಗೇ ಉಸ್ರು ಹಿಡ್ದಿದ್ದೆ ಸಾರ್," ಅಂದಳು.

ವಾಪಸು ಬಸ್ಸಿನಲ್ಲಿ ಅವರು ಅದನ್ನು ಕಂಡಕ್ಟರನಿಗೂ ತೋರಿಸಿದರು.

"ಇದು ಸಿಕ್ಕಾ ಅಲ್ದಾ?" ಅಂದ ಅವ.

"ಹೌದು ಮಾರಾಯ," ಅಂದರು ಹೆಮ್ಮೆಯಿಂದ, "ಎಲ್ಲರಿಗೂ ಸಿಕ್ಕೂದಿಲ್ಲ."

ಡಬ್ಬ

ಆ ಮಳೆಗಾಲದಲ್ಲಿ ಅವರ ಹೆಂಡತಿ ಜ್ವರಕ್ಕೆ ತೀರಿಕೊಂಡರು. ಹವಾಲ್ದಾರರ ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ದೀಪಾವಳಿಯ ಹೊತ್ತಿಗೆ ಅವರಿಗೆ ಹಗಲು ಯಾವುದು, ಕತ್ತಲು ಯಾವುದು ಎನ್ನುವಷ್ಟೇ ತಿಳಿಯುತ್ತಿತ್ತು. ಮಾಜಾಳಿಯಿಂದ ಮಗಳು ಕರೆದೊಯ್ಯಲು ಬಂದಳು.

ಹೊರಡುವ ಬೆಳಿಗ್ಗೆ ಮಕ್ಕಳೆಲ್ಲ ಸೇರಿ, "ಸಾರ್, ಒಂದ್ಸಲ ನೀವು ಹೊಡೀಬೇಕು," ಅಂದರು. ಪಾಗಾರದ ಮುಂದೆ ಸ್ಟೂಲಿನ ಮೇಲೆ ತಗಡಿನ ಡಬ್ಬ ಇಟ್ಟು, ಅದಕ್ಕೆ ಉದ್ದನೆಯ ದಾರ ಕಟ್ಟಿದ್ದರು. ದಾರದ ತುದಿ ನಮ್ಮ ಹಿಂದೆ ನಿಂತ ಅದೇ ಹುಡುಗಿಯ ಕೈಯಲ್ಲಿ. ಇದು ನನಗೂ ಗೊತ್ತಿತ್ತು. ಬೇಡ ಅನ್ನಲು ಮನಸ್ಸು ಬರಲಿಲ್ಲ.

ಹವಾಲ್ದಾರರು ಸೀಸದ ಚರೆ ಇಸಿದುಕೊಂಡು ತಾವೇ ರೈಫಲ್ ಸಜ್ಜು ಮಾಡಿದರು. ನಾನು ಅವರ ಹೆಗಲು ಹಿಡಿದು ಡಬ್ಬದ ಕಡೆ ತಿರುಗಿಸಿದೆ. ಅವರು ಉಸಿರು ಹಿಡಿದು ರೈಫಲ್ಲಿನ ಕುದುರೆ ಒತ್ತಿದರು. 'ಟಪ್' ಅಂತು. ಹುಡುಗಿ ದಾರ ಎಳೆದಳು. ಡಬ್ಬ ದಡಬಡ ಉರುಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಣ್ಣೊರೆಸಿಕೊಂಡೆ.

ಹವಾಲ್ದಾರರು ರೈಫಲ್ ಕೆಳಗಿಟ್ಟು ಎಡಗೈ ಮುಷ್ಟಿ ಬಿಚ್ಚಿದರು. ಹಾರಿರಬೇಕಾದ ಚರೆ ಅಲ್ಲೇ ಇತ್ತು.

"ಕಣ್ಣು ಕಾಣದವ ಮಕ್ಕಳ ಮಧ್ಯೆ ಚರೆ ತುಂಬ್ತಾನಾ ಮಾಸ್ತರ್ರೆ?" ಅಂದರು. ಆಮೇಲೆ ಡಬ್ಬ ಬಿದ್ದ ಕಡೆಗೆ ಮುಖ ತಿರುಗಿಸಿ, "ಪಾಪ, ಪುಕ್ಕಲು ಡಬ್ಬ. ಬರೀ ಶಬ್ದಕ್ಕೇ ಬಿತ್ತು," ಅಂದರು.