ಗಬ್ಬದ ದನಕ್ಕೆ ಪ್ರೋಟೀನ್

ನಾನು ಟೈಲರ್. ಸಿದ್ಧಕಟ್ಟೆಯಲ್ಲಿ ಮನೆಯ ಚಾವಡಿಯೇ ನನ್ನ ಅಂಗಡಿ. ಬಟ್ಟೆಯ ಒಂದು ತುಂಡನ್ನೂ ಬಿಸಾಡಿದವನಲ್ಲ. ರವಿಕೆಯಲ್ಲಿ ಉಳಿದದ್ದು ದಿಂಬಿನ ಕವರ್, ಅದರಲ್ಲಿ ಉಳಿದದ್ದು ಮಸಿಬಟ್ಟೆ. ಹಾಗಾಗಿ, ಬೀಜ, ಹಣ್ಣು ಹಿಂಡಿ ಉಳಿದ ಚರಟದಲ್ಲಿ ದನಗಳಿಗೆ ಬೇಕಾದ ಪ್ರೋಟೀನ್ ಉಂಟು ಎಂದು ಮೊಬೈಲಿನಲ್ಲಿ ಒಬ್ಬರು ಹೇಳಿದಾಗ, ಇದು ನನಗೋಸ್ಕರವೇ ಹೇಳಿದ್ದು ಎಂದು ತೀರ್ಮಾನಿಸಿದೆ. ಪೂರ್ತಿ ಕೇಳಲಿಲ್ಲ.

ನಮ್ಮ ದನ ಕಪಿಲೆ ತುಂಬು ಗಬ್ಬ. ಹೆಂಡತಿ ಸುಮತಿಗೆ ತವರಿನವರು ಕೊಟ್ಟದ್ದು. ಅವಳಿಗೆ ನನ್ನ ಮೇಲಿನ ಪ್ರೀತಿ ಅದರ ನಂತರದ್ದು.

ಆ ದಿನ ಮೂಡುಬಿದಿರೆಗೆ ಮದುವೆಗೆ ಹೊರಡುವಾಗ ಅವಳು ಹೇಳಿದಳು, "ತೆಂಗಿನ ಹಿಂಡಿ ನೆನೆಸಿ ಇಟ್ಟಿದ್ದೇನೆ. ಅದನ್ನೇ ಕೊಡಿ. ತಲೆ ಉಪಯೋಗಿಸ್ಲಿಕ್ಕೆ ಹೋಗ್ಬೇಡಿ."

ನಾನು ಉಪಯೋಗಿಸಿದೆ. ಪುತ್ತಿಗೆಯಲ್ಲಿ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಶರಬತ್ತು ಮಾಡುವ ಪರಿಚಯದವರ ಮನೆಯಿಂದ ಹಿಂಡಿದ ಸಿಪ್ಪೆ, ಬೀಜ ಎಲ್ಲ ಗೋಣಿಯಲ್ಲಿ ತಂದು, ನೀರು ಬೆರೆಸಿ ಬಕೆಟ್ ತುಂಬ ಕಪಿಲೆಯ ಮುಂದೆ ಇಟ್ಟು, ಬಂದು ಹೊಲಿಯಲು ಕೂತೆ.

ಮುಸ್ಸಂಜೆಗೆ ಮೆಷಿನು ನಿಲ್ಲಿಸಿದಾಗ ಒಂದು ವಿಷಯ ಗೊತ್ತಾಯಿತು. ಶಬ್ದವೇ ಇಲ್ಲ. ಆ ಹೊತ್ತಿಗೆ ಕಪಿಲೆ ಕೂಗಬೇಕು. ಕೂಗಲಿಲ್ಲ. ಪಕ್ಕದ ಮನೆಯ ನಾಯಿ ಕೂಡ ಬಾಲ ಮಡಚಿಕೊಂಡು ನಮ್ಮ ದನದ ಹಟ್ಟಿಯ ಕಡೆ ನೋಡುತ್ತಾ ನಿಂತಿತ್ತು.

ಹಟ್ಟಿ ಖಾಲಿ. ಹಗ್ಗ ತುಂಡಾಗಿತ್ತು. ನೆಲದಲ್ಲಿ ಕೆಂಪು ಹನಿ. ಒಂದು, ಆಚೆ ಇನ್ನೊಂದು, ಹಟ್ಟಿಯ ಹಿಂದಕ್ಕೆ. ಹಿಂದೆ ಕಾಸರಕದ ಮರದ ಬುಡದಲ್ಲಿ ಗುಳಿಗನ ಕಲ್ಲು ಉಂಟು. ರಕ್ತ ಕೇಳುವ ದೈವ. ಕತ್ತಲಾಗುವ ಹೊತ್ತಿಗೆ ಆ ಕಡೆ ಯಾರೂ ಸುಮ್ಮನೆ ಹೋಗುವುದಿಲ್ಲ. ನನ್ನ ಕಾಲು ಮಾತ್ರ ಹೋಯಿತು.

ಕಪಿಲೆ ಕಲ್ಲಿನ ಮುಂದೆ ಅಲುಗಾಡದೆ ನಿಂತಿದ್ದಳು. ಬಾಯಿಂದ ಕೆಂಪು ಇಳಿಯುತ್ತಿತ್ತು. ಕಲ್ಲಿನಿಂದಲೂ ಇಳಿಯುತ್ತಿತ್ತು. ಅವಳು ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು. ಆಗ ನನಗೆ ಬಕೆಟ್ಟು ನೆನಪಾಗಬೇಕಿತ್ತು. ಆಗಲಿಲ್ಲ.

ಕಲ್ಲಿಗೆ ದೀಪ ಇಡಲು ಬಂದ ನೆರೆಮನೆಯ ಮೋನಪ್ಪಣ್ಣ ದೂರದಲ್ಲೇ ನಿಂತುಬಿಟ್ಟರು. "ಇದು ಸಾದಾ ಅಲ್ಲ ಮಾರಾಯ್ರೆ. ಕೂಡಲೇ ಏನಾದ್ರೂ ಹರಕೆ ಹೇಳಿಕೊಳ್ಳಿ. ಸಣ್ಣದು ಬೇಡ."

ನಾನು ಕೈಮುಗಿದು ದೊಡ್ಡ ಸ್ವರದಲ್ಲಿ ಹೇಳಿದೆ, "ದನಕ್ಕೂ ಹೊಟ್ಟೆಯ ಕರುವಿಗೂ ಏನೂ ಆಗದಿದ್ದರೆ ಒಂದು ವರ್ಷ ಮೀನು ಮುಟ್ಟುವುದಿಲ್ಲ."

ಹಿಂದಿನಿಂದ ಸುಮತಿ ಮದುವೆಗೆ ಉಟ್ಟ ಸೀರೆಯಲ್ಲೇ ಬಂದಳು. ನನ್ನನ್ನು ನೋಡಲಿಲ್ಲ. ನೇರ ಹೋಗಿ ಕಪಿಲೆಯ ಹೊಟ್ಟೆ ಮುಟ್ಟಿದಳು, ಮೂತಿ ಹಿಡಿದು ಮೂಸಿದಳು. ಆಮೇಲೆ ಆ ಕೆಂಪಿಗೆ ಬೆರಳು ಅದ್ದಿ ಬಾಯಿಗಿಟ್ಟಳು. ಮೋನಪ್ಪಣ್ಣನ ಕೈಯ ದೀಪ ನಂದಿತು. ಸುಮತಿಯ ಮೈಮೇಲೆ ಗುಳಿಗನೇ ಬಂದನೋ ಏನೋ ಎಂದು ನಾನು ಒಂದು ಹೆಜ್ಜೆ ಹಿಂದೆ ಹೋದೆ.

"ಸಕ್ಕರೆ ಸ್ವಲ್ಪ ಕಮ್ಮಿ," ಎಂದಳು ಸುಮತಿ.

ದನದ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹೇಳಿದ್ದು ನನಗೂ ಕೇಳಿತು: "ಪ್ರೋಟೀನ್ ಇರುವುದು ಎಣ್ಣೆ ತೆಗೆದ ಹಿಂಡಿಯಲ್ಲಿ. ನಿಮ್ಮವರು ಹಾಕಿದ್ದು ಬರೀ ಪುನರ್ಪುಳಿಯ ಕೆಂಪು ಹುಳಿ ಸಿಪ್ಪೆ. ಗಬ್ಬದ ದನಕ್ಕೆ ಹೊಸತನ್ನು ಬಕೆಟ್‌ಗಟ್ಟಲೆ ಕೊಡುವುದುಂಟಾ? ಬೆಳಗ್ಗೆ ಬಂದು ನೋಡ್ತೇನೆ." ಕಪಿಲೆ ಕಲ್ಲು ನೆಕ್ಕಿ ಅದಕ್ಕೂ ಕೆಂಪು ಹತ್ತಿಸಿದ್ದು ಯಾಕೆಂದರೆ, ಸಂಕ್ರಮಣಕ್ಕೆ ಇಟ್ಟ ಭತ್ತ ಹುರಿದ ಹೊದಲು, ಎಣ್ಣೆ ಅದರ ಮೇಲೆ ಇನ್ನೂ ಇತ್ತು.

ಕಪಿಲೆ ಒಂದು ದಿನ ಮೇವು ಬಿಟ್ಟಳು. ಸುಮತಿಯೂ ಊಟ ಬಿಟ್ಟಳು. ಆ ದಿನ ನಾನು ನಿಜವಾಗಿ ಹೆದರಿದೆ. ಮರುವಾರ ಕಪಿಲೆ ಕರು ಹಾಕಿದಳು. ಹೆಣ್ಣು, ಗಟ್ಟಿಮುಟ್ಟು. ಕೆಂಪು ಬಣ್ಣ.

ನಾನು ಮೋನಪ್ಪಣ್ಣನ ಹತ್ತಿರ ಮೆಲ್ಲಗೆ ಹೇಳಿದೆ, "ಅದು ರಕ್ತ ಅಲ್ಲ ಅಂತ ಆಯ್ತಲ್ಲ. ಹಾಗಾದ್ರೆ ಹರಕೆ..."

"ದನಕ್ಕೆ ಏನಾದ್ರೂ ಆಯ್ತಾ?" ಎಂದರು ಮೋನಪ್ಪಣ್ಣ.

"ಇಲ್ಲ."

"ಕರುವಿಗೆ?"

"ಇಲ್ಲ."

"ಮತ್ತೆ? ಗುಳಿಗ ಅವನ ಮಾತು ನಡೆಸಿದ. ನಿಮ್ಮದು ನೀವು ನಡೆಸಿ."

ಈಗ ಮನೆಯವರಿಗೆಲ್ಲ ಬಂಗುಡೆ ಮೀನಿನ ಗಸಿ. ಉಳಿದ ಅರ್ಧ ಗೋಣಿ ಚರಟ ಹಾಳಾಗಬಾರದೆಂದು ಸುಮತಿ ಒಣಗಿಸಿ ಇಟ್ಟಿದ್ದಾಳೆ. ನನಗೆ ದಿನಾ ಅದರದ್ದೇ ಸಾರು. ಮುಸ್ಸಂಜೆಗೆ ಕಪಿಲೆ ಒಮ್ಮೆ ಕಲ್ಲಿನ ಕಡೆ ನೋಡುತ್ತಾಳೆ, ಒಮ್ಮೆ ನನ್ನ ಬಟ್ಟಲಿನ ಕಡೆ. ಅವಳ ಮುಂದೆ ತೆಂಗಿನ ಹಿಂಡಿ ಇರುತ್ತದೆ.