ಹಾರೋ ಸರ್ಪ, ಇಬ್ಬರು ರಾಣಿಯರು, ಒಂದು ತಾಟು ಉಪ್ಪಿಟ್ಟು

ನಾನು ಪುಸ್ತಕ ಹಿಡಕೊಂಡು ತಣ್ಣಗ ಒಂದು ಕಡಿ ಕುಂತೆ ಅಂದ್ರ ಸಾಕು, ಎಲ್ಲಿಂದರೆ ಒಂದು ಫಜೀತಿ ಹುಡುಕಿಕೊಂಡು ಬಂದೇ ಬರ್ತದ. ನಾನು ಓದೋದೂ ಅಂಥಾದ್ದೇ. ಹಾರೋ ಸರ್ಪ, ಮಂತ್ರದ ಖಡ್ಗ, ಒಬ್ಬಾಕಿ ಮ್ಯಾಲೆ ಒಬ್ಬಾಕಿ ಜೀವಾ ಇಟ್ಟ ರಾಣಿಯರು. ಈ ಪುಸ್ತಕ ತಂದು ಕೊಡಾಕಿ ದೇವದುರ್ಗದಾಗ ನನ್ನ ಜೋಡಿ ಕಲಿಸೋ ವಿಜ್ಞಾನ ಟೀಚರ್, ಕುರಿ ಸಾಕೋ ಮನಿಯಾಕಿ. ಮನ್ಯಾಗ ಆಕಿನ್ನ ಗೆಳತಿ ಅಂತ ಹೇಳೀನಿ. ಗೆಳತಿಗಿಂತ ಹೆಚ್ಚು ಅನ್ನೋದು ಮಾತ್ರ ಹೇಳಿಲ್ಲ. ಮಾನ್ವ್ಯಾಗ ನಮ್ಮದು ಗುಡಿ ಪೂಜಿ ಮನಿ. ಅಪ್ಪಗ, ಅಜ್ಜಿಗೆ ಗೊತ್ತಾದ್ರ ಏನು ಗತಿ ಅಂತ ಎದಿ ಯಾವಾಗಲೂ ಡವಡವ.

೧. ಬಸ್ಸಿನ ಪಾರಾಯಣ

ಒಂದು ಪುಸ್ತಕದ ಮ್ಯಾಲೆ ಇಬ್ಬರು ರಾಣಿಯರು ಅಪ್ಪಿಕೊಂಡು ನಿಂತ ಚಿತ್ರ ಇತ್ತು. ಅದನ್ನ ದಿನಾ ಸಾಲಿಗೆ ಹೋಗೋ ಬಸ್ಸಿನ್ಯಾಗ ಹೆಂಗ ಹಿಡೀಬೇಕು? ಹಳೇ ಕ್ಯಾಲೆಂಡರ್ ಹಾಳಿ ಹರದು ಹೊದಿಕಿ ಹಾಕಿದೆ. ಗಡಿಬಿಡ್ಯಾಗ ವೆಂಕಟರಮಣನ ಚಿತ್ರ ಹೊರಗ ಬಂದಿತ್ತು, ನಾನು ನೋಡಿರಲಿಲ್ಲ.

ಸಿರವಾರದಾಗ ಹತ್ತಿದ ಯಜಮಾನ್ರೊಬ್ರು ಬಾಜೂಕ ಕುಂತ್ರು. ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡ್ರು.

"ಜೋರಾಗಿ ಓದವ್ವಾ, ನನ್ನ ಕಿವಿಗೂ ನಾಕು ಅಕ್ಷರ ಬೀಳ್ಲಿ."

"ಇಂಗ್ಲಿಷಿನ್ಯಾಗ ಅದ ರೀ ಯಪ್ಪಾ."

"ದೇವ್ರಿಗೆ ಇಂಗ್ಲಿಷ್ ಬರಂಗಿಲ್ಲೇನು? ಓದು ಓದು."

ಆ ಹಾಳ್ಯಾಗ ಇದ್ದದ್ದು ರಾಣಿಯರ ಮೊದಲನೇ ಮುತ್ತು. ಮುಂದಿನ ಹಾಳಿ ತಿರುವಿದೆ, ಅಲ್ಲಿ ಎರಡನೇದು! ಕುತ್ತಿಗಿ ತನಕ ಬೆವತು ಹೋದೆ. ಕಡೀಕ ಗಟ್ಟಿ ಮನಸು ಮಾಡಿ ಅದನ್ನೇ ಓದಿದೆ. ಯಜಮಾನ್ರು ಕಣ್ಣು ಮುಚ್ಚಿ ಕೈ ಮುಗುದು ಕೇಳಿದ್ರು. ತಲಿ ಎತ್ತಿದ್ರ ಕಂಡಕ್ಟರ್ ಪಕ್ಕದಾಗೇ ನಿಂತಾನ, ಹಲ್ಲು ಕಚ್ಚಿ ನಗು ತಡಕೊಳ್ಳಾಕತ್ತಾನ. ಮುಗೀತು ನನ್ನ ಕತಿ ಅಂದ್ಕೊಂಡೆ. ಅಂವ ಬಗ್ಗಿ ಮೆಲ್ಲಕ ಅಂದ:

"ಉಳದದ್ದು ನಾಳಿ ಓದ್ರಿ ಮೇಡಂ. ನಾಳೀನೂ ಈ ಗಾಡಿಗೆ ನಂದೇ ಡ್ಯೂಟಿ."

೨. ಹೆರಳು

ಸೂಟಿ ದಿನ ಮಧ್ಯಾಹ್ನ ಅಜ್ಜಿ ನನ್ನ ಬಾಜೂಕ ಹೂಬತ್ತಿ ಹೊಸೀತಾ ಕೂಡ್ತಾಳ. ಹೊಸಿಯೋ ಮುಂದ ಆಕಿಗೆ ಕಿವಿಗೊಂದು ಕತಿ ಬೇಕು. "ಅದೇನು ಮೂರೂ ಹೊತ್ತು ಓದ್ತಿ? ನನಗೂ ಹೇಳು," ಅಂದ್ಲು. ಶುರು ಮಾಡಿದ ಕತಿ ನಡುವ ಬಿಡಂಗಿಲ್ಲ, ಮಂಗಳ ಹಾಡೋ ತನಕ ಹೇಳಬೇಕು. ಇದು ಆಕಿ ಕಾನೂನು.

ನಾನು ಶಾಣ್ಯಾತನ ಮಾಡಿ ಒಬ್ಬಾಕಿ ರಾಣೀನ್ನ ರಾಜಾ ಮಾಡಿ ಹೇಳಿದೆ. ಖರೇ ಹೇಳಬೇಕಂದ್ರ ಹಂಗ ಹೇಳೋದು ನನಗೇ ಸೇರಲಿಲ್ಲ. ಆ ರಾಜ್ಯದಾಗ ಇಬ್ಬರು ಹೆಣ್ಮಕ್ಕಳು ಕೈ ಹಿಡಕೊಂಡು ಸಂತಿಗೆ ಹೋದ್ರ ಒಬ್ರೂ ತಿರುಗಿ ನೋಡಂಗಿಲ್ಲ. ಸರ್ಪ ಹಾರೋದು ನಾನು ಸಲೀಸಾಗಿ ನಂಬಿದ್ದೆ. ಇದನ್ನ ಓದಿ ಮಾತ್ರ ಅತ್ತಿದ್ದೆ.

ಅಜ್ಜಿ ಬತ್ತಿ ಕೆಳಗಿಟ್ಲು. "ಏನ ಹುಡುಗಿ, ಆ ರಾಜಾ ದಿನಾ ಆಕಿಗೆ ಹೆರಳು ಹಾಕ್ತಾನ ಅಂದಿ?"

"ಹೂಂ."

"ನಾನು ನಿಮ್ಮಜ್ಜನ ಜೋಡಿ ಜೀವಮಾನ ಬಾಳ್ವಿ ಮಾಡೀನಿ. ಹೆರಳು ಹಾಕೋ ಗಂಡಸನ್ನ ಕಂಡಿಲ್ಲ. ಅದು ಹೆಣ್ಣು ಹೌದಿಲ್ಲೋ?"

ನಾನು ಹೌದು ಅಂತ ಗೋಣು ಹಾಕಿದೆ.

"ಹೆಣ್ಣು ಅಂದ್ರ ಹೆಣ್ಣು ಅನ್ನು. ಹಾರೋ ಸರ್ಪದ ಕತ್ಯಾಗ ಯಾಕ ಸುಳ್ಳು ಸೇರಸ್ತಿ?"

೩. ಉಪ್ಪಿಟ್ಟು

ಅಜ್ಜೀದು ಇನ್ನೊಂದು ಕಾನೂನು ಅದ. ಕನ್ಯಾ ನೋಡಾಕ ಬಂದವರಿಗೆ ಉಪ್ಪಿಟ್ಟು, ಚಹಾ ಅಷ್ಟೇ. ಸಂಬಂಧ ಒಪ್ಪಿಗಿ ಆದ ಮ್ಯಾಲೇ ಊಟ. ನನ್ನ ಗೆಳತಿ ಎಷ್ಟು ಸಲ ಬಂದ್ರೂ ಅಜ್ಜಿ ಪಡಸಾಲ್ಯಾಗ ಕುಂದರಿಸಿ ಉಪ್ಪಿಟ್ಟೇ ಕೊಡ್ತಿದ್ಲು. ಮಡಿ ಅಡಗಿಮನಿ ಹೊಸ್ತಿಲು ಆಕಿ ದಾಟಿಲ್ಲ. ಜಾತಿ ನೋಡಿ ಹಿಂಗ ಮಾಡ್ತಾಳ ಅಂತ ನನಗ ಸಿಟ್ಟು ಕುದೀತಿತ್ತು.

ಒಂದಿನ ರಾಯಚೂರಿನ ಹುಡುಗ ತಾಯಿ ಜೋಡಿ ನನ್ನ ನೋಡಾಕ ಬಂದ. ಅಪ್ಪಗ ಸಂಬಂಧ ಭಾಳ ಮನಸಿಗೆ ಬಂದಿತ್ತು. ಇವತ್ತು ಹೂಂ ಅಂದುಬಿಟ್ರ ನಾನು ಏನು ಮಾಡ್ಲಿ? "ಇಬ್ರೂ ಒಳಗ ಕುಂತು ಮಾತಾಡ್ರಿ," ಅಂತ ಹುಡುಗನ ತಾಯಿ ಅಂದ್ರು.

ಹುಡುಗ ಮಾತಿಗಂತ ಮೇಜಿನ ಮ್ಯಾಲಿದ್ದ ನನ್ನ ವೆಂಕಟರಮಣನ ಹೊದಿಕಿ ಪುಸ್ತಕ ತಗದ. ನಾನು ಕಸಗೊಳ್ಳೋದ್ರಾಗ ಮೊದಲನೇ ಹಾಳ್ಯಾಗಿನ ನಕಾಶೆ ನೋಡೇಬಿಟ್ಟ. ಮುಖ ಅರಳಿತು.

"ಇದರ ಎರಡನೇ ಭಾಗ ಅದ ಏನ್ರಿ?"

"ನೀವೂ ಓದೀರಿ?"

"ನನ್ನ ಗೆಳೆಯ ಕೊಟ್ಟಿದ್ದ." ಗೆಳೆಯ ಅನ್ನೋ ಮಾತಿಗೆ ಅಂವನ ದನಿ ನಡುಗಿತು. ಆ ನಡುಕ ನನಗ ಚೊಲೋ ಗೊತ್ತು. ಒಬ್ರ ಮುಖ ಒಬ್ರು ನೋಡಿ ನಕ್ವಿ. ಕಪಾಟಿನ್ಯಾಗಿದ್ದ ಎರಡನೇ ಭಾಗ ತಗದು ಅಂವನ ಕೈಗೆ ಕೊಟ್ಟೆ.

ಅಷ್ಟ್ರಾಗ ಪಡಸಾಲಿಯಿಂದ ಅಜ್ಜಿ ದನಿ ಕೇಳಿಸ್ತು. "ಆಮ್ಯಾಲೆ ನೋಡ್ರಿ, ಸರ್ಪ ಸತ್ತು, ಇಬ್ರೂ ರಾಣಿಯರು ಮದಿವಿ ಆದ್ರು."

ನಾವಿಬ್ರೂ ಓಡಿ ಬಂದು ಬಾಗಿಲಿಗೆ ಕಿವಿ ಇಟ್ವಿ.

ಹುಡುಗನ ತಾಯಿ ಕೇಳಿದ್ರು. "ಇಬ್ರೂ ಹೆಣ್ಣು ಅಂದ್ರ... ಮತ್ತ ಗಂಡಿನ ಕಡಿಯವರು ಯಾರ್ರಿ?"

"ಯಾರೂ ಇಲ್ಲ. ಎರಡೂ ಕಡಿಯವರು ಸೆರಗು ಸಿಗಿಸಿ ಊಟಕ್ಕ ಬಡಿಸಿದ್ರು."

"ಗಂಡಿನ ಕಡಿಯವರಿಗೆ ಮರ್ಯಾದಿ ಇಲ್ಲದ್ದು ಅದೆಂಥಾ ಮದಿವಿ ರೀ!" ಅಂತ ಅವರು ಎದ್ದೇಬಿಟ್ರು. ಉಪ್ಪಿಟ್ಟು ತಾಟಿನ್ಯಾಗೇ ಉಳೀತು. ಹುಡುಗ ಎರಡನೇ ಭಾಗ ಬಗಲಾಗ ಇಟ್ಕೊಂಡು ತಾಯಿ ಹಿಂದ ಓಡಿದ. ಅಪ್ಪ ಅಂಗಳದಾಗ ಹಣಿ ಹಿಡಕೊಂಡು ಕುಂತ.

ಅಡಗಿಮನ್ಯಾಗ ಅಜ್ಜಿ ಏನೂ ಆಗೇ ಇಲ್ಲ ಅನ್ನೋಹಂಗ ತಾಟು ತಿಕ್ಕಾಕತ್ತಿದ್ಲು.

"ಬರೋ ಐತವಾರ ದೇವದುರ್ಗದಾಕಿನ್ನ ಕರಿ."

"ಯಾಕ, ಉಪ್ಪಿಟ್ಟಿಗೇನು?" ಅಂದೆ ಸಿಟ್ಟಿಲೆ.

"ಊಟಕ್ಕ."

ಕಣ್ಣಾಗ ನೀರು ತುಂಬಿ ಅಜ್ಜಿ ಮುಖಾನೇ ಕಾಣವಲ್ದು. "ಅಪ್ಪ...?" ಅಂದೆ.

"ನಿಮ್ಮಪ್ಪಗ ನಾನು ಕತಿ ಹೇಳ್ತೀನಿ. ಹೋಳಿಗಿ ಮಾಡೋಣು. ಆದ್ರ ಆಕಿಗೆ ಹೇಳಿಬಿಡು, ಗಂಡಿನ ಕಡಿಯವರಂಗ ಪಡಸಾಲ್ಯಾಗ ಕುಂದ್ರೋದು ಸಾಕು. ಸ್ನಾನ ಮಾಡಿ ಒಳಗ ಬಂದು ಕಣಕ ನಾದ್ಲಿ!"